ಮೈಕ್‌ನಲ್ಲಿ ಕೇಳುವ ಗುಂಯ್ ಸದ್ದು, ಸುಂಯ್ ಸದ್ದು: ದೋಷ ಇರುವುದು ಎಲ್ಲಿ?

ಪ್ರಶ್ನೆ: ನಾನು ಮನೆಯ ಕೋಣೆಯೊಂದರಲ್ಲಿ ಕುಳಿತು ಪುಸ್ತಕಗಳನ್ನು ಓದಿ ಧ್ವನಿಮುದ್ರಿಸುತ್ತೇನೆ. ಒಂದು ಡೈನಮಿಕ್ ಮೈಕ್, ಒಂದು ಎಕ್ಸ್‌ಎಲ್‌ಆರ್ ಕೇಬಲ್, ಮೈಕಿನ ಧ್ವನಿಯನ್ನು ಕಂಪ್ಯೂಟರಿಗೆ ತಲುಪಿಸುವ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ಮತ್ತು ಲ್ಯಾಪ್‌ಟಾಪ್, ಇಷ್ಟೇ ನನ್ನ ಸಲಕರಣೆ. ಹತ್ತಿರ ಕುಳಿತು ಓದಿದರೆ ‘ಪ’, ‘ಬ’ ಅಕ್ಷರಗಳು ಗುದ್ದಿದ ಹಾಗೆ ಕೇಳುತ್ತವೆ, ಧ್ವನಿಯೂ ದಪ್ಪವಾಗುತ್ತದೆ ಎಂದು ಮೈಕನ್ನು ಸುಮಾರು 50 ಸೆಂಟಿಮೀಟರ್ ದೂರ ಇಟ್ಟಿದ್ದೇನೆ. ಅಲ್ಲಿಂದ ಧ್ವನಿ ಸಾಲದೆ ಗೇನ್ ಗುಂಡಿಯನ್ನು ಬಹುತೇಕ ಕೊನೆಯವರೆಗೆ ತಿರುಗಿಸಬೇಕಾಗುತ್ತದೆ. ಆಗ ಹಿಂದಿನಿಂದ ‘ಸುಂಯ್’ ಎಂಬ ಸದ್ದು ಬರುತ್ತದೆ. ಲ್ಯಾಪ್‌ಟಾಪ್‌ಗೆ ಚಾರ್ಜರ್ ಹಾಕಿದರೆ ಅದರ ಜೊತೆಗೆ ‘ಗುಂಯ್’ ಎಂಬ ಸದ್ದು ಸೇರುತ್ತದೆ, ಮೈಕಿನ ಲೋಹದ ಮೈಯನ್ನು ಕೈಯಿಂದ ಹಿಡಿದರೆ ಅದು ಕಡಿಮೆಯಾಗುತ್ತದೆ. ಕೇಬಲ್ ಬದಲಿಸಿದೆ, ಪ್ರಯೋಜನವಾಗಲಿಲ್ಲ. ಪ್ಲಗ್‌ನ ಅರ್ತ್ ಪಿನ್ ತೆಗೆದುಬಿಡು ಎಂದು ಒಬ್ಬರು, ಡೈನಮಿಕ್ ಬಿಟ್ಟು, ವಿದ್ಯುತ್ತಿನಿಂದ ನಡೆಯುವ ಹೆಚ್ಚು ಸೂಕ್ಷ್ಮವಾದ ಕಂಡೆನ್ಸರ್ ಮೈಕ್ ಕೊಂಡುಕೋ ಎಂದು ಇನ್ನೊಬ್ಬರು ಹೇಳುತ್ತಾರೆ. ಸದ್ದು ತೆಗೆಯುವ ಪ್ಲಗ್-ಇನ್ ಬಳಸಿದರೆ ನನ್ನ ಧ್ವನಿ ನೀರಿನೊಳಗಿಂದ ಬಂದಂತೆ ಕೇಳುತ್ತದೆ. ಮೈಕ್ ಕೆಟ್ಟಿದೆಯೇ? ಈಗಾಗಲೇ ಓದಿ ಮುಗಿಸಿರುವ ನಾಲ್ಕು ಅಧ್ಯಾಯಗಳನ್ನು ಬಿಸಾಡಬೇಕೇ? ಅವುಗಳಲ್ಲಿ ಮೂರನ್ನು ರಾತ್ರಿ ಓದಿದ್ದೆ, ನಾಲ್ಕನೆಯದನ್ನು ಮಧ್ಯಾಹ್ನ ಫ್ಯಾನ್ ಹಾಕಿಕೊಂಡು ಓದಿದ್ದೆ.

ಉತ್ತರ: ನಿಮ್ಮ ಮೈಕ್ ಕೆಟ್ಟಿಲ್ಲ ಎಂದೇ ನನಗೆ ಅನ್ನಿಸುತ್ತದೆ. ಕೆಟ್ಟ ಡೈನಮಿಕ್ ಮೈಕ್ ಸಾಮಾನ್ಯವಾಗಿ ಸದ್ದು ಮಾಡುವುದಿಲ್ಲ. ಅದು ಮಂಕಾಗುತ್ತದೆ, ಬಿಟ್ಟುಬಿಟ್ಟು ಕೇಳುತ್ತದೆ, ಇಲ್ಲವೇ ಪೂರ್ತಿ ಮೌನವಾಗುತ್ತದೆ. ನೀವು ಒಂದೇ ತೊಂದರೆ ಎಂದುಕೊಂಡಿರುವುದು ನಿಜವಾಗಿ ಮೂರು ಬೇರೆ ಬೇರೆ ಸದ್ದುಗಳು. ಚಾರ್ಜರ್ ಹಾಕಿದಾಗ ಬರುವ ಗುಂಯ್ ವಿದ್ಯುತ್ತಿನದು, ಗೇನ್ ಏರಿಸಿದಾಗ ಬರುವ ಸುಂಯ್ ದೂರಕ್ಕೆ ಸಂಬಂಧಪಟ್ಟದ್ದು, ಮಧ್ಯಾಹ್ನದ ಫ್ಯಾನ್ ಕೋಣೆಯದು. ಒಂದಕ್ಕೆ ಮಾಡಿದ ಚಿಕಿತ್ಸೆ ಇನ್ನೊಂದಕ್ಕೆ ತಾಗುವುದಿಲ್ಲವಾದ್ದರಿಂದಲೇ ಕೇಬಲ್ ಬದಲಿಸಿದರೂ ನಿಮಗೆ ಫಲ ಕಾಣಲಿಲ್ಲ.

ಎಲ್ಲಕ್ಕಿಂತ ಮೊದಲು ಅರ್ತ್ ಪಿನ್‌ನ ಮಾತು. ದಯವಿಟ್ಟು ಅದನ್ನು ತೆಗೆಯಬೇಡಿ, ಅದಕ್ಕೆ ಟೇಪ್ ಸುತ್ತಬೇಡಿ, ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನದಾಗಿ ಮಾಡುವ ಅಡಾಪ್ಟರ್ ಬಳಸಬೇಡಿ. ಆ ಪಿನ್ ಇರುವುದು ಧ್ವನಿಯ ಗುಣಮಟ್ಟಕ್ಕಾಗಿ ಅಲ್ಲ. ಉಪಕರಣದ ಒಳಗೆ ವಿದ್ಯುತ್ ತಂತಿ ಕಳಚಿ ಲೋಹದ ಹೊರಮೈಗೆ ತಾಗಿದರೆ, ಆ ವಿದ್ಯುತ್ತು ನಿಮ್ಮ ದೇಹದ ಮೂಲಕ ಹರಿಯದೆ ನೆಲಕ್ಕಿಳಿದು, ಫ್ಯೂಸ್ ಅಥವಾ ಬ್ರೇಕರ್ ಕೂಡಲೇ ಸಂಪರ್ಕ ಕಡಿಯಲಿ ಎಂದು ಅದನ್ನು ಇಟ್ಟಿದ್ದಾರೆ. ಮೈಕ್ ಎಂದರೆ ತುಟಿಯ ಹತ್ತಿರ ಇರುವ ಲೋಹದ ವಸ್ತು, ಕಿವಿಯ ಮೇಲೆ ಹೆಡ್‌ಫೋನ್ ಬೇರೆ. ಅರ್ತ್ ತೆಗೆದರೆ ಕೆಲವೊಮ್ಮೆ ಗುಂಯ್ ಸದ್ದು ನಿಲ್ಲುತ್ತದೆ ಎಂಬುದು ನಿಜ, ಆ ಸಲಹೆ ಇಷ್ಟು ಕಾಲದಿಂದ ಬಾಯಿಂದ ಬಾಯಿಗೆ ದಾಟಿ ಬಂದಿರುವುದಕ್ಕೆ ಕಾರಣವೂ ಅದೇ. ಆದರೆ ಸದ್ದನ್ನು ಸುರಕ್ಷಿತವಾಗಿ ನಿಲ್ಲಿಸುವ ಬೇರೆ ದಾರಿಗಳು ಇರುವಾಗ ಈ ದಾರಿಗೆ ಹೋಗಬೇಕಾದ ಅಗತ್ಯವೇ ಇಲ್ಲ. ನಿಮ್ಮ ವಿಷಯದಲ್ಲಂತೂ ತೊಂದರೆ ಅರ್ತ್ ಇರುವುದರಿಂದಲ್ಲ, ಇಲ್ಲದಿರುವುದರಿಂದ ಬಂದಿರುವ ಸಾಧ್ಯತೆಯೇ ಹೆಚ್ಚು.

ಹೇಗೆಂದರೆ, ಲ್ಯಾಪ್‌ಟಾಪ್‌ಗಳ ಅನೇಕ ಚಾರ್ಜರ್‌ಗಳು ಅರ್ತ್ ಸಂಪರ್ಕವಿಲ್ಲದ ಎರಡು ಪಿನ್ನಿನವು. ಅವುಗಳ ಒಳಗೆ ಗೋಡೆಯ ವಿದ್ಯುತ್ತಿನ ಭಾಗಕ್ಕೂ ಲ್ಯಾಪ್‌ಟಾಪ್‌ಗೆ ಹೋಗುವ ಭಾಗಕ್ಕೂ ನಡುವೆ ಒಂದು ಸಣ್ಣ ಕೆಪಾಸಿಟರ್ ಇರುತ್ತದೆ. ಚಾರ್ಜರ್ ಉಂಟುಮಾಡುವ ರೇಡಿಯೊ ತೊಂದರೆಯನ್ನು ತಗ್ಗಿಸಲು ಅದು ಬೇಕು. ಆ ಕೆಪಾಸಿಟರಿನ ಮೂಲಕ ತೀರಾ ಸಣ್ಣ ಪ್ರಮಾಣದ ಪರ್ಯಾಯ ವಿದ್ಯುತ್ತು ಸೋರಿ ಲ್ಯಾಪ್‌ಟಾಪಿನ ಗ್ರೌಂಡ್‌ಗೆ, ಅಲ್ಲಿಂದ ಯುಎಸ್‌ಬಿ ಕೇಬಲ್ಲಿನ ಮೂಲಕ ಇಂಟರ್‌ಫೇಸಿಗೆ, ಅಲ್ಲಿಂದ ಮೈಕ್ ಕೇಬಲ್ಲಿನ ಶೀಲ್ಡ್ (ಒಳತಂತಿಗಳನ್ನು ಸುತ್ತಿರುವ ಲೋಹದ ಹೊದಿಕೆ) ಹಿಡಿದು ಮೈಕಿನ ಮೈಗೆ ಬಂದು ನಿಲ್ಲುತ್ತದೆ. ನೆಲದ ಜೊತೆ ಎಲ್ಲೂ ಸಂಪರ್ಕ ಇಲ್ಲದ ಕಾರಣ ಈ ಇಡೀ ವ್ಯವಸ್ಥೆ ವಿದ್ಯುತ್ತಿನ ಏರಿಳಿತದ ಜೊತೆ ತಾನೂ ಏರಿಳಿಯುತ್ತಿರುತ್ತದೆ. ಲೋಹದ ಲ್ಯಾಪ್‌ಟಾಪಿನ ಮೇಲೆ ಬೆರಳನ್ನು ಹಗುರವಾಗಿ ಎಳೆದಾಗ ಒರಟು ಬಟ್ಟೆ ಸವರಿದಂತೆ ಜುಮ್ಮೆನ್ನುವುದು ನಿಮ್ಮ ಅನುಭವಕ್ಕೆ ಬಂದಿರಬಹುದು, ಅದೂ ಇದೇ. ನೀವು ಮೈಕನ್ನು ಹಿಡಿದಾಗ ನಿಮ್ಮ ದೇಹ ಅದಕ್ಕೆ ನೆಲದ ಸ್ಥಾನದಲ್ಲಿ ನಿಲ್ಲುತ್ತದೆ, ಏರಿಳಿತ ತಗ್ಗುತ್ತದೆ, ಸದ್ದೂ ತಗ್ಗುತ್ತದೆ. ಹೀಗಾಗಿ ‘ಹಿಡಿದರೆ ಕಡಿಮೆಯಾಗುತ್ತದೆ’ ಎಂಬ ನಿಮ್ಮ ಒಂದು ವಾಕ್ಯ ನನಗೆ ಉಳಿದೆಲ್ಲ ವಿವರಗಳಿಗಿಂತ ಹೆಚ್ಚು ತಿಳಿಸಿತು. ಹಿಡಿದಾಗ ಸದ್ದು ಹೆಚ್ಚಾಗಿದ್ದರೆ ನಾನು ಶೀಲ್ಡ್ ತುಂಡಾದ ಕೇಬಲ್ಲನ್ನು ಮೊದಲು ಅನುಮಾನಿಸುತ್ತಿದ್ದೆ.

ಇದನ್ನು ಖಚಿತಪಡಿಸಿಕೊಳ್ಳುವುದು ಬಹಳ ಸುಲಭ. ಚಾರ್ಜರನ್ನು ಲ್ಯಾಪ್‌ಟಾಪಿನಿಂದ ಕಳಚಿ, ಗೋಡೆಯಿಂದಲೂ ಕಳಚಿ, ಬ್ಯಾಟರಿಯ ಮೇಲೆ ಅರ್ಧ ನಿಮಿಷ ಮೌನವನ್ನು ಧ್ವನಿಮುದ್ರಿಸಿ. ಗುಂಯ್ ಸಂಪೂರ್ಣವಾಗಿ ಹೋದರೆ ರೋಗ ಗೊತ್ತಾಯಿತು, ಮದ್ದೂ ಸಿಕ್ಕಿತು: ಬ್ಯಾಟರಿ ತುಂಬಿಸಿಕೊಂಡು ಬ್ಯಾಟರಿಯ ಮೇಲೆಯೇ ಓದಿ. ಒಂದು ಅಧ್ಯಾಯ ಓದುವ ಹೊತ್ತು ಬಹುತೇಕ ಲ್ಯಾಪ್‌ಟಾಪ್‌ಗಳು ತಡೆಯುತ್ತವೆ. ಅದು ಸಾಧ್ಯವಿಲ್ಲದಿದ್ದರೆ, ನಿಮ್ಮ ಲ್ಯಾಪ್‌ಟಾಪ್ ತಯಾರಿಸಿದವರೇ ಕೊಡುವ ಅರ್ತ್ ಇರುವ ಮೂರು ಪಿನ್ನಿನ ಚಾರ್ಜರ್ ಅಥವಾ ವಿದ್ಯುತ್ ತಂತಿ ದೊರೆಯುತ್ತದೆಯೇ ನೋಡಿ. ಗೋಡೆಯ ಸಾಕೆಟ್ಟಿನಲ್ಲಿ ಅರ್ತ್ ನಿಜವಾಗಿಯೂ ಸಂಪರ್ಕದಲ್ಲಿದೆಯೇ ಎಂಬುದನ್ನು ಎಲೆಕ್ಟ್ರಿಷಿಯನ್ ಒಬ್ಬರಿಂದ ಪರೀಕ್ಷಿಸಿ. ಮೂರು ತೂತಿನ ಸಾಕೆಟ್ ಇದ್ದ ಮಾತ್ರಕ್ಕೆ ಅದರ ಹಿಂದೆ ಅರ್ತ್ ತಂತಿ ಇದೆ ಎಂದು ಹೇಳಲಾಗದು. ಮೂರು ಪಿನ್ನಿನ ಉಪಕರಣವೊಂದು ಮುಟ್ಟಿದಾಗ ಜುಮ್ಮೆನ್ನಿಸಿದರೆ ಅದು ಧ್ವನಿಮುದ್ರಣದ ಪ್ರಶ್ನೆಯಾಗಿ ಉಳಿಯುವುದಿಲ್ಲ, ಅಂದೇ ಅದನ್ನು ಬಳಸುವುದನ್ನು ನಿಲ್ಲಿಸಬೇಕು. ಯುಎಸ್‌ಬಿ ಐಸೊಲೇಟರ್ ಎಂಬ, ಲ್ಯಾಪ್‌ಟಾಪ್ ಮತ್ತು ಇಂಟರ್‌ಫೇಸ್ ನಡುವಿನ ವಿದ್ಯುತ್ ಸಂಪರ್ಕವನ್ನು ಬೇರ್ಪಡಿಸುವ ಪುಟ್ಟ ಸಾಧನವನ್ನೂ ಕೆಲವರು ಸೂಚಿಸುತ್ತಾರೆ. ಅದು ಕೆಲಸ ಮಾಡುವ ಸಂದರ್ಭಗಳಿವೆ, ಆದರೆ ಹಲವು ಐಸೊಲೇಟರ್‌ಗಳು ಹಳೆಯ, ನಿಧಾನಗತಿಯ ಯುಎಸ್‌ಬಿಗೆ ಮಾತ್ರ ಹೊಂದುತ್ತವೆ. ನಿಮ್ಮ ಇಂಟರ್‌ಫೇಸ್ ಅದರ ಮೂಲಕ ಕಾಣಿಸಿಕೊಳ್ಳದೆಯೇ ಹೋಗಬಹುದು, ಅಥವಾ ಬೇಕಾದಷ್ಟು ವಿದ್ಯುತ್ತು ಸಿಗದೆ ಒದ್ದಾಡಬಹುದು. ಹಿಂದಿರುಗಿಸುವ ಅವಕಾಶ ಇದ್ದರೆ ಮಾತ್ರ ಕೊಳ್ಳಿ.

ಕೇಬಲ್ಲಿನ ವಿಷಯದಲ್ಲಿ ಒಂದು ಸೂಕ್ಷ್ಮ ಹೇಳಬೇಕು. ಎಕ್ಸ್‌ಎಲ್‌ಆರ್ ಕೇಬಲ್ಲಿನಲ್ಲಿ ಮೂರು ಪಿನ್ನುಗಳಿವೆ: 1ನೆಯದು ಶೀಲ್ಡ್, 2 ಮತ್ತು 3 ಧ್ವನಿಯನ್ನು ಒಂದಕ್ಕೊಂದು ತಿರುವುಮುರುವಾಗಿ ಒಯ್ಯುವ ಜೋಡಿ. ದಾರಿಯಲ್ಲಿ ಹೊರಗಿನಿಂದ ಸೇರುವ ಸದ್ದು ಎರಡೂ ತಂತಿಗಳಿಗೆ ಒಂದೇ ಸಮನಾಗಿ ಅಂಟುತ್ತದೆ. ಇಂಟರ್‌ಫೇಸ್ ಒಂದರಿಂದ ಇನ್ನೊಂದನ್ನು ಕಳೆದಾಗ ಆ ಸದ್ದು ಅಳಿದು ಧ್ವನಿ ಮಾತ್ರ ಉಳಿಯುತ್ತದೆ. 1ನೆಯ ಪಿನ್ನಿನ ಬೆಸುಗೆ ಬಿಟ್ಟಿದ್ದರೂ ಡೈನಮಿಕ್ ಮೈಕಿನ ಧ್ವನಿ 2 ಮತ್ತು 3ರ ಮೂಲಕ ಎಂದಿನಂತೆ ಬರುತ್ತಲೇ ಇರುತ್ತದೆ. ಹಾಗಾಗಿ ‘ಕೇಬಲ್ ಸರಿಯಿದೆ, ಧ್ವನಿ ಬರುತ್ತಿದೆಯಲ್ಲ’ ಎಂದು ನಾವು ಮುಂದೆ ಹೋಗಿಬಿಡುತ್ತೇವೆ, ಗುಂಯ್ ಮಾತ್ರ ಹಿಂದೆಯೇ ಬರುತ್ತದೆ. ಕಂಡೆನ್ಸರ್ ಮೈಕಿಗೆ ಬೇಕಾದ, ಇಂಟರ್‌ಫೇಸ್ ಅದೇ ಕೇಬಲ್ಲಿನಲ್ಲಿ ಕಳಿಸುವ 48 ವೋಲ್ಟ್ ವಿದ್ಯುತ್ತು, ಅಂದರೆ ಫ್ಯಾಂಟಮ್ ಪವರ್, ಹಿಂದಿರುಗುವುದು 1ನೆಯ ಪಿನ್ನಿನಿಂದಲೇ ಆದ್ದರಿಂದ ಅಂಥ ಕೇಬಲ್ಲಿನಲ್ಲಿ ಅದು ಕೆಲಸವನ್ನೇ ಮಾಡುವುದಿಲ್ಲ, ದೋಷ ತಕ್ಷಣ ಬಯಲಾಗುತ್ತದೆ. ನೀವು ಬದಲಿಸಿದ ಹೊಸ ಕೇಬಲ್ಲಿನ ಎರಡೂ ತುದಿಯ 1ನೆಯ ಪಿನ್ನುಗಳ ನಡುವೆ ಮಲ್ಟಿಮೀಟರ್ ಹಿಡಿದು, ಕೇಬಲ್ಲನ್ನು ತುದಿಗಳ ಹತ್ತಿರ ಬಾಗಿಸುತ್ತಾ ‘ಬೀಪ್’ ನಿಲ್ಲದೆ ಬರುತ್ತದೆಯೇ ನೋಡಿ. ಹೊಸದು ಎಂಬ ಒಂದೇ ಕಾರಣಕ್ಕೆ ಕೇಬಲ್ಲನ್ನು ನಂಬಬೇಡಿ.

ಬ್ಯಾಟರಿಯ ಮೇಲೂ ಗುಂಯ್ ಉಳಿದರೆ ಇನ್ನೊಂದು ಪರೀಕ್ಷೆ ಇದೆ. ಹೆಡ್‌ಫೋನ್ ಹಾಕಿಕೊಂಡು ಮೈಕನ್ನು ಇದ್ದಲ್ಲೇ ನಿಧಾನವಾಗಿ ತಿರುಗಿಸಿ. ಒಂದು ದಿಕ್ಕಿನಲ್ಲಿ ಸದ್ದು ಏರಿ, ಅದಕ್ಕೆ ಅಡ್ಡವಾದ ದಿಕ್ಕಿನಲ್ಲಿ ಬಹುತೇಕ ಮಾಯವಾದರೆ ಅದು ಕಾಂತಕ್ಷೇತ್ರದ ಕೆಲಸ. ಡೈನಮಿಕ್ ಮೈಕಿನ ಒಳಗೆ ಇರುವುದು ತಂತಿಯ ಸುರುಳಿ. ಹತ್ತಿರದಲ್ಲಿ ಟ್ರಾನ್ಸ್‌ಫಾರ್ಮರ್ ಇದ್ದರೆ ಆ ಸುರುಳಿ ಗಾಳಿಯ ಕಂಪನವನ್ನು ಹಿಡಿದಂತೆಯೇ ಆ ಕ್ಷೇತ್ರವನ್ನೂ ಹಿಡಿಯುತ್ತದೆ, ಅದನ್ನು ಯಾವ ಶೀಲ್ಡ್ ಕೇಬಲ್ಲೂ ತಡೆಯಲಾರದು. ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ನಾನು ಇಡೀ ಒಂದು ಸಂಜೆ ಕೇಬಲ್, ಸಾಕೆಟ್, ಇಂಟರ್‌ಫೇಸ್ ಎಲ್ಲವನ್ನೂ ಬದಲಿಸಿ ಸೋತಿದ್ದೆ. ಕೊನೆಗೆ ಮೈಕನ್ನು ಕೈಯಲ್ಲಿ ಹಿಡಿದು ಕೋಣೆಯಲ್ಲಿ ನಡೆದಾಡಿದಾಗ, ಮೇಜಿನ ಕೆಳಗೆ ಇದ್ದ ಮೇಜುದೀಪದ ಭಾರವಾದ ಅಡಾಪ್ಟರಿನ ಹತ್ತಿರ ಗುಂಯ್ ಎದ್ದು ನಿಂತಿತು. ಅಡಾಪ್ಟರನ್ನು ಒಂದು ಮೀಟರ್ ಆಚೆ ಸರಿಸಿದ್ದೇ ತಡ, ಸದ್ದು ನಿಂತಿತು. ಕಾಂತಕ್ಷೇತ್ರ ದೂರದೊಂದಿಗೆ ಬಹಳ ಬೇಗ ಕ್ಷೀಣಿಸುವುದರಿಂದ ಅಷ್ಟು ಸರಿಸಿದರೆ ಸಾಮಾನ್ಯವಾಗಿ ಸಾಕು. ಅಂದಿನಿಂದ ಎಲ್ಲೇ ಗುಂಯ್ ಕೇಳಿದರೂ ನಾನು ಮೊದಲು ಮಾಡುವುದು ಮೈಕ್ ಹಿಡಿದು ನಡೆಯುವ ಕೆಲಸ.

ಗ್ರೌಂಡ್ ಲೂಪ್ ಎಂಬ ಪದವನ್ನೂ ನೀವು ಕೇಳಿರುತ್ತೀರಿ. ಅರ್ತ್ ಇರುವ ಎರಡು ಉಪಕರಣಗಳು ಧ್ವನಿ ಕೇಬಲ್ಲಿನ ಮೂಲಕವೂ ಸೇರಿಕೊಂಡು ಒಂದು ವರ್ತುಲ ಏರ್ಪಟ್ಟಾಗ ಮಾತ್ರ ಅದು ಉಂಟಾಗುತ್ತದೆ. ಇಂಟರ್‌ಫೇಸಿಗೆ ವಿದ್ಯುತ್ ಸ್ಪೀಕರ್‌ಗಳನ್ನು ಜೋಡಿಸಿದವರಿಗೆ ಅದರ ಕಾಟ ಹೆಚ್ಚು. ನಿಮ್ಮ ಪಟ್ಟಿಯಲ್ಲಿ ಸ್ಪೀಕರ್ ಇಲ್ಲ. ಮುಂದೆ ಜೋಡಿಸಿದರೆ ಎಲ್ಲವನ್ನೂ ಒಂದೇ ಪವರ್ ಸ್ಟ್ರಿಪ್ಪಿನಿಂದ ನಡೆಸಿ, ಎಕ್ಸ್‌ಎಲ್‌ಆರ್‌ನಂತೆ ಜೋಡಿ ತಂತಿಯಲ್ಲಿ ಧ್ವನಿ ಒಯ್ಯುವ ಬ್ಯಾಲೆನ್ಸ್‌ಡ್ ಕೇಬಲ್ ಬಳಸಿ. ಆಗಲೂ ಸದ್ದು ಉಳಿದರೆ ಧ್ವನಿ ಮಾರ್ಗದಲ್ಲಿ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿ. ಗುಂಯ್ ಬದಲು ತೆಳ್ಳಗಿನ, ಎತ್ತರದ ಶಿಳ್ಳೆಯಂಥ ‘ಕೀ’ ಸದ್ದು ಕೇಳಿದರೆ ಅದು ಯುಎಸ್‌ಬಿಯದು: ದತ್ತಾಂಶ ಪ್ರತಿ ಸೆಕೆಂಡಿಗೆ 1,000 ಅಥವಾ 8,000 ಕಂತುಗಳಲ್ಲಿ ಸಾಗುವುದರಿಂದ ಅದೇ ಆವರ್ತನದ ಸ್ವರ ಧ್ವನಿಯೊಳಗೆ ನುಸುಳುತ್ತದೆ. ಬೇರೆ ಪೋರ್ಟ್, ಗಿಡ್ಡ ಕೇಬಲ್, ಸ್ವಂತ ವಿದ್ಯುತ್ ಇರುವ ಹಬ್, ಈ ಕ್ರಮದಲ್ಲಿ ಪ್ರಯತ್ನಿಸಿ.

ಈಗ ಸುಂಯ್ ಸದ್ದಿಗೆ ಬರೋಣ. ಇಲ್ಲಿ ತಪ್ಪು ತಿಳಿವಳಿಕೆ ಹೆಚ್ಚು, ಹಣ ಪೋಲಾಗುವುದೂ ಇಲ್ಲಿಯೇ. ಗೇನ್ ಗುಂಡಿ ಸದ್ದನ್ನು ಹುಟ್ಟಿಸುತ್ತದೆ ಎಂದು ಅನೇಕರು ನಂಬಿದ್ದಾರೆ. ಆದರೆ ಗುಂಡಿ ಮಾಡುವುದು ತನಗೆ ಬಂದದ್ದನ್ನು ದೊಡ್ಡದು ಮಾಡುವ ಕೆಲಸ; ನಿಮ್ಮ ಧ್ವನಿ, ಕೋಣೆಯ ಸದ್ದು, ಮೈಕಿನ ಸುರುಳಿಯ ಸ್ವಂತ ಸದ್ದು ಎಲ್ಲವೂ ಒಟ್ಟಿಗೇ ಏರುತ್ತವೆ. ಸುರುಳಿಗೆ ಸ್ವಂತ ಸದ್ದೇ ಎಂದು ಆಶ್ಚರ್ಯವಾಗಬಹುದು. ಯಾವುದೇ ತಂತಿಯೊಳಗಿನ ಎಲೆಕ್ಟ್ರಾನುಗಳು ಶಾಖದಿಂದಾಗಿ ಸದಾ ಅತ್ತಿತ್ತ ಚಲಿಸುತ್ತಿರುತ್ತವೆ, ಆ ಚಲನೆಯೇ ಒಂದು ಸಣ್ಣ ವಿದ್ಯುತ್ ಸದ್ದು. ಇದನ್ನು ಬೆಲ್ ಪ್ರಯೋಗಾಲಯದ ಜಾನ್ಸನ್ ಅಳೆದು ತೋರಿಸಿದ, ನೈಕ್ವಿಸ್ಟ್ ಲೆಕ್ಕದಲ್ಲಿ ವಿವರಿಸಿದ, ಇಬ್ಬರ ಪ್ರಬಂಧಗಳೂ 1928ರಲ್ಲಿ ಪ್ರಕಟವಾದವು. 150 ಓಮ್ ರೋಧವಿರುವ ಸಾಮಾನ್ಯ ಮೈಕಿನಲ್ಲಿ ಇದು ಸುಮಾರು 0.22 ಮೈಕ್ರೊವೋಲ್ಟ್. ಎಷ್ಟು ಹಣ ಕೊಟ್ಟರೂ ಯಾವ ಪ್ರೀಆಂಪ್ (ಇಂಟರ್‌ಫೇಸಿನೊಳಗೆ ಮೈಕಿನ ಸಣ್ಣ ಸಂಕೇತವನ್ನು ದೊಡ್ಡದು ಮಾಡುವ ಭಾಗ) ಕೂಡ ಇದಕ್ಕಿಂತ ಕೆಳಗೆ ಇಳಿಯಲಾರದು.

ಆದರೆ ಇದು ನಿಮ್ಮ ಶತ್ರುವಲ್ಲ ಎಂಬುದನ್ನು ಲೆಕ್ಕ ಮಾಡಿ ತೋರಿಸುತ್ತೇನೆ, ಏಕೆಂದರೆ ಹೊಸ ಮೈಕ್ ಕೊಳ್ಳಬೇಕೇ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಈ ಲೆಕ್ಕದಲ್ಲೇ ಇದೆ. ಸಹಜವಾಗಿ ಮಾತನಾಡುವವರ ಧ್ವನಿ ಒಂದು ಮೀಟರ್ ದೂರದಲ್ಲಿ ಸುಮಾರು 60 ಡೆಸಿಬೆಲ್. ದೂರ ಅರ್ಧವಾದಾಗಲೆಲ್ಲ ಅದು 6 ಡೆಸಿಬೆಲ್ ಏರುತ್ತದೆ. ನಿಮ್ಮ 50 ಸೆಂಟಿಮೀಟರಿನಲ್ಲಿ ಅದು 66, 25ರಲ್ಲಿ 72, ಹನ್ನೆರಡೂವರೆ ಸೆಂಟಿಮೀಟರಿನಲ್ಲಿ 78. ಮನೆಯ ಶಾಂತವಾದ ಕೋಣೆಯೊಂದು ರಾತ್ರಿಯ ಹೊತ್ತು ಹೆಚ್ಚುಕಡಿಮೆ 30 ಡೆಸಿಬೆಲ್ ಇರುತ್ತದೆ, ಫ್ಯಾನ್ ತಿರುಗಿದರೆ ಇನ್ನೂ ಹೆಚ್ಚು. ಸಾಧಾರಣ ಡೈನಮಿಕ್ ಮೈಕಿನ ಸುರುಳಿಯ ಸ್ವಂತ ಸದ್ದನ್ನು ಇದೇ ಅಳತೆಗೆ ತಂದರೆ 20ರ ಸುತ್ತಮುತ್ತ ಬರುತ್ತದೆ, ಒಳ್ಳೆಯ ಪ್ರೀಆಂಪಿನದು ಸೇರಿದರೆ ಇನ್ನು ಕೆಲವು ಡೆಸಿಬೆಲ್ ಹೆಚ್ಚು. ಅಂದರೆ ನಿಮ್ಮ ಕೋಣೆಯ ಸದ್ದು ಮೈಕಿನ ಸದ್ದಿಗಿಂತ ಮೇಲಿದೆ. ಕೇವಲ 5 ಡೆಸಿಬೆಲ್ ಸ್ವಂತ ಸದ್ದಿರುವ ಕಂಡೆನ್ಸರ್ ಮೈಕ್ ತಂದು ಅದೇ ಜಾಗದಲ್ಲಿ ಇಟ್ಟರೆ, ಅದು ಅದೇ 30 ಡೆಸಿಬೆಲ್ಲಿನ ಕೋಣೆಯನ್ನು ಇನ್ನಷ್ಟು ಸ್ಪಷ್ಟವಾಗಿ ನಿಮಗೆ ಕೇಳಿಸುತ್ತದೆ, ಅಷ್ಟೆ.

ಆಡಿಯೊಬುಕ್ ಸ್ವೀಕರಿಸುವ ಎಸಿಎಕ್ಸ್ ವೇದಿಕೆಯ ನಿಯಮವನ್ನು ಅಳತೆಗೋಲಾಗಿ ಇಟ್ಟುಕೊಳ್ಳೋಣ (ಇಲ್ಲಿ ಸೊನ್ನೆ ಎಂದರೆ ಮುದ್ರಣ ಹಿಡಿಯಬಲ್ಲ ಅತಿ ಹೆಚ್ಚಿನ ಮಟ್ಟ, ಆದ್ದರಿಂದ ಅಂಕಿಗಳು ಮೈನಸ್‌ನಲ್ಲಿವೆ): ಓದಿನ ಸರಾಸರಿ ಮಟ್ಟ ಮೈನಸ್ 23 ಮತ್ತು ಮೈನಸ್ 18 ಡೆಸಿಬೆಲ್‌ಗಳ ನಡುವೆ, ಶಿಖರಗಳು ಮೈನಸ್ 3ಕ್ಕಿಂತ ಕೆಳಗೆ, ಮೌನದ ಮಟ್ಟ ಮೈನಸ್ 60ಕ್ಕಿಂತ ಕೆಳಗೆ. ಧ್ವನಿಗೂ ಮೌನಕ್ಕೂ ನಡುವೆ ಸುಮಾರು 40 ಡೆಸಿಬೆಲ್ ಅಂತರ ಬೇಕು ಎಂದಾಯಿತು. ಈಗ ನೀವು ಕುಳಿತಿರುವಲ್ಲಿ 66ರಿಂದ 30 ಕಳೆದರೆ 36, ಸಾಲದು. ಹನ್ನೆರಡೂವರೆ ಸೆಂಟಿಮೀಟರಿಗೆ ಬಂದರೆ 48, ಸಾಕಾಗಿ ಉಳಿಯುತ್ತದೆ. ಇದು ಸ್ಥೂಲ ಲೆಕ್ಕ. ಮೈಕಿನ ದಿಕ್ಕು, ನಿಮ್ಮ ದನಿ, ಕೋಣೆಯ ಗೋಡೆಗಳಿಂದ ಒಂದಷ್ಟು ಹೆಚ್ಚುಕಡಿಮೆ ಆಗುತ್ತದೆ. ಆದರೆ ಎರಡು ಸಲ ದೂರವನ್ನು ಅರ್ಧ ಮಾಡಿದ್ದರಿಂದ ಸಿಕ್ಕ ಈ 12 ಡೆಸಿಬೆಲ್ಲನ್ನು ಯಾವ ಅಂಗಡಿಯೂ ಮಾರುವುದಿಲ್ಲ. ಗೇನನ್ನೂ ಅಷ್ಟೇ ಇಳಿಸಬಹುದು, ಆಗ ಸುಂಯ್ ಜೊತೆಯಲ್ಲೇ ಇಳಿಯುತ್ತದೆ.

ಹತ್ತಿರ ಬಂದರೆ ‘ಪ’, ‘ಬ’ ಗುದ್ದುತ್ತವೆ ಎಂಬುದೇ ನಿಮ್ಮನ್ನು ದೂರ ತಳ್ಳಿದ್ದು, ಆದ್ದರಿಂದ ಅದನ್ನು ಬಗೆಹರಿಸದೆ ಈ ಸಲಹೆ ಪೂರ್ಣವಾಗದು. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ‘ಪಾಪ’ ಎನ್ನಿ: ಗಾಳಿಯ ಒಂದು ಹೊಡೆತ ಅಂಗೈಯ ನಡುವೆ ಬಡಿಯುತ್ತದೆ. ಈಗ ಅಂಗೈಯನ್ನು ಬಾಯಿಯ ಮೂಲೆಯ ಕಡೆಗೆ ನಾಲ್ಕು ಬೆರಳಿನಷ್ಟು ಸರಿಸಿ ಮತ್ತೆ ಹೇಳಿ: ಹೊಡೆತ ಇಲ್ಲ, ಆದರೆ ಧ್ವನಿ ಅಲ್ಲಿಗೂ ಹೋಗುತ್ತಿದೆ. ಮೈಕ್ ಇರಬೇಕಾದದ್ದು ಅಲ್ಲಿ. ಬಾಯಿಯ ಎದುರಿಗಲ್ಲದೆ ಪಕ್ಕಕ್ಕೆ ಇಟ್ಟು ಅದರ ಮುಖವನ್ನು ಮಾತ್ರ ತುಟಿಯ ಕಡೆಗೆ ತಿರುಗಿಸಿ, ನಡುವೆ ಗಾಳಿಯ ಹೊಡೆತ ತಡೆಯುವ ಜಾಲರಿ, ಅಂದರೆ ಒಂದು ಪಾಪ್ ಫಿಲ್ಟರ್ ನಿಲ್ಲಿಸಿ. ಧ್ವನಿ ದಪ್ಪವಾಗುವುದು ಒಂದೇ ದಿಕ್ಕಿನಿಂದ ಹೆಚ್ಚು ಕೇಳುವ ಮೈಕುಗಳ ಸಹಜ ಗುಣ. ಹತ್ತಿರದ ಮೂಲದ ತಗ್ಗು ಸ್ವರಗಳನ್ನು ಅವು ಎತ್ತಿ ತೋರಿಸುತ್ತವೆ. ಇಂಟರ್‌ಫೇಸಿನಲ್ಲೋ ತಂತ್ರಾಂಶದಲ್ಲೋ 80 ಹರ್ಟ್ಸ್‌ನ ಹೈ-ಪಾಸ್ ಫಿಲ್ಟರ್ (ಅದಕ್ಕಿಂತ ತಗ್ಗಿನ ಸ್ವರಗಳನ್ನು ತಡೆಯುವ ಸೋಸುಕ) ಹಾಕಿ, ಬೇಕೆನಿಸಿದರೆ ಅದರ ಮೇಲಿನ ತಗ್ಗು ಸ್ವರಗಳನ್ನು ಮೂರು ನಾಲ್ಕು ಡೆಸಿಬೆಲ್ ಇಳಿಸಿದರೆ ಅದು ಸರಿಹೋಗುತ್ತದೆ. ಮೇಜಿನ ಮೇಲೆ ನಿಂತಿರುವ ಸ್ಟ್ಯಾಂಡ್ ಪುಟ ತಿರುವಿದ ಕಂಪನವನ್ನೂ ಹೊತ್ತು ತರುವುದರಿಂದ, ಸಾಧ್ಯವಾದರೆ ಮೈಕನ್ನು ನೆಲದ ಸ್ಟ್ಯಾಂಡಿಗೆ ವರ್ಗಾಯಿಸಿ.

ಕಂಡೆನ್ಸರ್ ಮೈಕ್ ಕೋಣೆಯ ಸದ್ದನ್ನೆಲ್ಲ ಎಳೆದುಕೊಳ್ಳುತ್ತದೆ, ಡೈನಮಿಕ್ ಎಳೆದುಕೊಳ್ಳುವುದಿಲ್ಲ ಎಂಬ ಮಾತೂ ಅರ್ಧ ಸತ್ಯ. ದಿಕ್ಕಿನ ವಿನ್ಯಾಸ ಒಂದೇ ಆಗಿ, ದೂರವೂ ಒಂದೇ ಆಗಿ, ಧ್ವನಿಯ ಮಟ್ಟವನ್ನು ಸಮ ಮಾಡಿದರೆ ಎರಡೂ ಕೋಣೆಯನ್ನು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಡಿಯುತ್ತವೆ. ಡೈನಮಿಕ್ ಮೈಕನ್ನು ಜನ ತುಟಿಗೆ ಹತ್ತಿರ ಇಟ್ಟು ಬಳಸುತ್ತಾರೆ, ಎತ್ತರದ ಸ್ವರಗಳನ್ನು ಅದು ಸ್ವಲ್ಪ ಮಂದವಾಗಿ ಹಿಡಿಯುತ್ತದೆ, ಆ ಹೆಸರು ಬಂದದ್ದು ಅದರಿಂದ. ನೀವು ಡೈನಮಿಕ್ ಮೈಕನ್ನು ಕಂಡೆನ್ಸರಿನಂತೆ ದೂರ ಇಟ್ಟು ಬಳಸಿದ್ದೀರಿ, ಅದರ ಒಳ್ಳೆಯ ಗುಣ ನಿಮಗೆ ದಕ್ಕಲೇ ಇಲ್ಲ. ಇನ್ನು ಕಾರ್ಡಿಯಾಯ್ಡ್ ಮಾದರಿಯ ಮೈಕ್ ತನ್ನ ಬೆನ್ನ ಹಿಂದಿನ ಸದ್ದನ್ನು ಅತಿ ಕಡಿಮೆ ಕೇಳುತ್ತದೆ. ಲ್ಯಾಪ್‌ಟಾಪಿನ ಫ್ಯಾನ್, ಕಿಟಕಿ ಏನಿದ್ದರೂ ಅದು ಮೈಕಿನ ಬೆನ್ನಿಗೆ ಬರುವ ಹಾಗೆ ಕುಳಿತುಕೊಳ್ಳಿ. ಸೂಪರ್ ಕಾರ್ಡಿಯಾಯ್ಡ್ ಆಗಿದ್ದರೆ ಅದರ ಕಿವುಡು ಬೆನ್ನಲ್ಲಿ ಅಲ್ಲ, ಹಿಂಬದಿಯ ಎರಡೂ ಓರೆಗಳಲ್ಲಿ, ಮುಂಭಾಗದಿಂದ ಸುಮಾರು 126 ಡಿಗ್ರಿಯಲ್ಲಿ ಇರುತ್ತದೆ.

ನಿಮಗೆ ಕೇಳುವ ಸುಂಯ್ ಕೋಣೆಯದೋ ಯಂತ್ರದ್ದೋ ಎಂದು ತಿಳಿಯಲು ಹಲವರು ಮೈಕಿನ ಕೇಬಲ್ ಕಿತ್ತು ಕೇಳುತ್ತಾರೆ. ಅದು ದಾರಿ ತಪ್ಪಿಸುವ ಪರೀಕ್ಷೆ. ಏನೂ ಜೋಡಿಸದ ಪ್ರೀಆಂಪ್ ಮೈಕ್ ಜೋಡಿಸಿದಾಗಿನದಕ್ಕಿಂತ ಹೆಚ್ಚು ಸದ್ದು ಮಾಡುವುದುಂಟು. ಅದರ ಬದಲು, ಗೇನ್ ಮುಟ್ಟದೆ ಮೊದಲು ಇದ್ದ ಜಾಗದಲ್ಲೇ ಅರ್ಧ ನಿಮಿಷದ ಮೌನ ಮುದ್ರಿಸಿ. ಆಮೇಲೆ ಮೈಕನ್ನು ಎರಡು ದಪ್ಪ ಟವೆಲ್‌ಗಳಲ್ಲಿ ಸುತ್ತಿ, ಬಟ್ಟೆಗಳು ತುಂಬಿದ ಕಪಾಟಿನೊಳಗೆ ಮಲಗಿಸಿ, ಬಾಗಿಲನ್ನು ಕೇಬಲ್ ಹಿಡಿಯುವಷ್ಟು ಮುಚ್ಚಿ ಇನ್ನರ್ಧ ನಿಮಿಷ ಮುದ್ರಿಸಿ. ಎರಡನ್ನೂ ಒಂದರ ಹಿಂದೊಂದು ಕೇಳಿ. ಎರಡನೆಯದರಲ್ಲಿ ಇಳಿದುಹೋದದ್ದೆಲ್ಲ ಕೋಣೆಯದು, ಉಳಿದದ್ದು ಯಂತ್ರದ್ದು. ನನ್ನ ಅನುಭವದಲ್ಲಿ ಈ ಪರೀಕ್ಷೆ ಮಾಡಿದ ಬಹುಪಾಲು ಜನ, ತಾವು ಯಂತ್ರದ್ದೆಂದು ದೂರುತ್ತಿದ್ದ ಸುಂಯ್ ಗಾಳಿಯದು, ಲ್ಯಾಪ್‌ಟಾಪ್ ಫ್ಯಾನಿನದು ಎಂದು ಕಂಡುಕೊಂಡಿದ್ದಾರೆ.

ಕಪಾಟಿನೊಳಗೂ ಸುಂಯ್ ದೊಡ್ಡದಾಗಿಯೇ ಉಳಿದು, ಹತ್ತಿರ ಕುಳಿತ ಮೇಲೂ ಗೇನ್ ಕೊನೆಯ ತುದಿಯಲ್ಲೇ ಇರಬೇಕಾಗಿ ಬಂದರೆ ಆಗ ಮಾತ್ರ ಪ್ರೀಆಂಪಿನ ಬಗ್ಗೆ ಯೋಚಿಸಿ. ಕಡಿಮೆ ಸಂವೇದನೆಯ ಡೈನಮಿಕ್ ಮೈಕುಗಳಿಗೆ 60 ಡೆಸಿಬೆಲ್ ಗೇನ್ ಬೇಕಾಗುವುದು ಸಾಮಾನ್ಯ. ಶ್ಯೂರ್ ಎಸ್‌ಎಂ7ಬಿ ಎಂಬ ಮೈಕ್ ಅದಕ್ಕೆ ಹೆಸರಾದದ್ದು. ಮೈಕ್ ಮತ್ತು ಇಂಟರ್‌ಫೇಸ್ ನಡುವೆ ಜೋಡಿಸುವ, ಫ್ಯಾಂಟಮ್ ಪವರ್‌ನಿಂದ ನಡೆಯುವ ಬೂಸ್ಟರ್ 20ರಿಂದ 28 ಡೆಸಿಬೆಲ್ ಗೇನ್ ಕೊಡುತ್ತದೆ. ನಿಮ್ಮ ಪ್ರೀಆಂಪ್ ಕೊನೆಯ ತುದಿಯಲ್ಲಿ ಗಲಾಟೆ ಮಾಡುವಂಥದ್ದಾದರೆ ಇದರಿಂದ ನಿಜವಾದ ಉಪಯೋಗವಿದೆ. ಪ್ರೀಆಂಪ್ ಮೊದಲೇ ಒಳ್ಳೆಯದಾಗಿದ್ದರೆ ಗುಂಡಿ ಕೆಳಗಿಳಿಯುತ್ತದೆಯೇ ಹೊರತು ಸದ್ದು ಇಳಿಯುವುದಿಲ್ಲ. ಫ್ಯಾಂಟಮ್ ಪವರ್ ಡೈನಮಿಕ್ ಮೈಕನ್ನು ಸುಟ್ಟುಬಿಡುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ: 2 ಮತ್ತು 3ನೆಯ ಪಿನ್ನುಗಳೆರಡಕ್ಕೂ ಒಂದೇ ವೋಲ್ಟೇಜ್ ಸಿಗುವುದರಿಂದ ಸುರುಳಿಯ ಮೂಲಕ ವಿದ್ಯುತ್ತು ಹರಿಯುವುದೇ ಇಲ್ಲ. ಕೇಬಲ್ ಸರಿಯಿಲ್ಲದಿದ್ದಾಗ ಅಪಾಯವಿರುವುದು ರಿಬ್ಬನ್ ಮೈಕುಗಳಿಗೆ.

ಸದ್ದು ತೆಗೆಯುವ ಪ್ಲಗ್-ಇನ್ನುಗಳನ್ನು ನಾನು ವಿರೋಧಿಸುವುದಿಲ್ಲ, ದಿನವೂ ಬಳಸುತ್ತೇನೆ. ಸಾಮಾನ್ಯ ಮಾದರಿಯವು ಧ್ವನಿಯನ್ನು ನೂರಾರು ಸಣ್ಣ ಆವರ್ತನ ಪಟ್ಟಿಗಳಾಗಿ ಸೀಳಿ, ಪ್ರತಿ ಪಟ್ಟಿಯಲ್ಲೂ ಸದ್ದಿನ ಮಟ್ಟಕ್ಕಿಂತ ಕೆಳಗಿದ್ದದ್ದನ್ನು ಅದುಮುತ್ತವೆ. ಧ್ವನಿಯ ಮೆತ್ತನೆಯ ಭಾಗಗಳು, ವ್ಯಂಜನಗಳ ಬಾಲಗಳು, ಉಸಿರು ಇವೂ ಅದೇ ಮಟ್ಟದಲ್ಲಿರುತ್ತವೆ; ಬಹಳ ಅದುಮಿದರೆ ಅವೂ ಹೋಗಿ, ಅಲ್ಲಲ್ಲಿ ಉಳಿದ ಚೂರುಗಳು ಗುಳುಗುಳು ಎನ್ನುತ್ತವೆ. ನೀವು ನೀರಿನೊಳಗಿನ ಧ್ವನಿ ಎಂದದ್ದು ಇದನ್ನೇ. ಒಂದೇ ಬಾರಿಗೆ 20, 30 ಡೆಸಿಬೆಲ್ ಕೇಳಬೇಡಿ. 6ರಿಂದ 10 ಡೆಸಿಬೆಲ್ ಇಳಿಸಿ ನಿಲ್ಲಿಸಿ, ಉಳಿದ ಮೆಲುಸದ್ದನ್ನು ಹಾಗೆಯೇ ಬಿಡಿ. ಕೇಳುಗರು ಸಮನಾದ ಮೆಲುಸದ್ದನ್ನು ಎರಡೇ ನಿಮಿಷದಲ್ಲಿ ಮರೆಯುತ್ತಾರೆ, ಕೆಟ್ಟ ಧ್ವನಿಯನ್ನು ಮರೆಯುವುದಿಲ್ಲ. ನಾಯ್ಸ್ ಗೇಟ್ ಬಳಸುವ ಮುನ್ನವೂ ಇದನ್ನು ನೆನಪಿಡಿ: ಅದು ಮಾತಿಲ್ಲದಾಗ ಸದ್ದನ್ನು ಪೂರ್ತಿ ಮುಚ್ಚಿ, ಮಾತು ಶುರುವಾದೊಡನೆ ತೆರೆಯುವುದರಿಂದ ಪ್ರತಿ ವಾಕ್ಯದ ಜೊತೆ ಸದ್ದು ಎದ್ದು ಬಿದ್ದು, ಇಲ್ಲದ ಗಮನವನ್ನು ತನ್ನ ಕಡೆಗೆ ಸೆಳೆಯುತ್ತದೆ.

ನಿಮ್ಮ ನಾಲ್ಕು ಅಧ್ಯಾಯಗಳಲ್ಲಿ ರಾತ್ರಿ ಓದಿದ ಮೂರನ್ನು ಉಳಿಸಿಕೊಳ್ಳಬಹುದು ಎಂದು ನನ್ನ ಅಂದಾಜು. ವಿದ್ಯುತ್ತಿನ ಗುಂಯ್ ನಿಯತವಾದ ಆವರ್ತನಗಳಲ್ಲೇ ಇರುತ್ತದೆ: ನಿಮ್ಮಲ್ಲಿನ ವಿದ್ಯುತ್ ಸರಬರಾಜು 50 ಹರ್ಟ್ಸ್‌ನದಾದರೆ 50, 100, 150, 200, 60 ಹರ್ಟ್ಸ್‌ನದಾದರೆ 60, 120, 180, 240. 80 ಹರ್ಟ್ಸ್‌ನ ಹೈ-ಪಾಸ್ ಮೊದಲನೆಯದನ್ನು ತಗ್ಗಿಸುತ್ತದೆ, ಉಳಿದವಕ್ಕೆ ಆ ಒಂದೊಂದೇ ಆವರ್ತನವನ್ನು ಕತ್ತರಿಸುವ, ಬಹಳ ಕಿರಿದಾದ ನಾಚ್ ಫಿಲ್ಟರ್‌ಗಳನ್ನು ಹಾಕಿ. ಮೂರು ನಾಲ್ಕಕ್ಕಿಂತ ಹೆಚ್ಚು ಹಾಕಿದರೆ ಧ್ವನಿ ಟೊಳ್ಳಾಗುತ್ತದೆ, ಅಲ್ಲಿಗೆ ನಿಲ್ಲಿಸಿ. ನಂತರ ಮೌನದ ಒಂದು ತುಣುಕನ್ನು ಮಾದರಿಯಾಗಿ ತೋರಿಸಿ ಸುಂಯ್ ಸದ್ದನ್ನು 8 ಡೆಸಿಬೆಲ್‌ನಷ್ಟು ಇಳಿಸಿ, ಮೌನದ ಮಟ್ಟವನ್ನು ಅಳೆಯಿರಿ. ಮಧ್ಯಾಹ್ನ ಫ್ಯಾನಿನ ಕೆಳಗೆ ಓದಿದ ನಾಲ್ಕನೆಯದರ ಮೇಲೆ ಈ ಶ್ರಮ ಹಾಕಬೇಡಿ. ಫ್ಯಾನಿನ ಸದ್ದು ರೆಕ್ಕೆ ತಿರುಗಿದಂತೆ ಏರಿಳಿಯುತ್ತಲೇ ಇರುತ್ತದೆ, ಧ್ವನಿ ಇರುವ ಆವರ್ತನಗಳಲ್ಲೇ ಹರಡಿಕೊಂಡಿರುತ್ತದೆ. ಅದನ್ನು ಬೇರ್ಪಡಿಸಲು ಹೋದರೆ ನಿಮ್ಮ ದನಿಯೂ ಅದರ ಜೊತೆ ಹೋಗುತ್ತದೆ. ಅದೊಂದನ್ನು ಫ್ಯಾನ್ ನಿಲ್ಲಿಸಿ, ಬ್ಯಾಟರಿಯ ಮೇಲೆ, ಮೈಕನ್ನು ಬಾಯಿಯ ಮೂಲೆಯಿಂದ ಸುಮಾರು ಹನ್ನೆರಡೂವರೆ ಸೆಂಟಿಮೀಟರಿನಲ್ಲಿ ಇಟ್ಟುಕೊಂಡು ಮತ್ತೊಮ್ಮೆ ಓದಿ.